ಪೆದ್ದು ಸಸಿ
ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರು ಯಲ್ಲದಕೆರೆಗೆ ಬಂದಿದ್ದೆ. ಅಪ್ಪ ಮೆಣಸಿನಕಾಯಿ ಒಟ್ಲು ಹಾಕಿದ್ದರು. ಆ ವರ್ಷ ನಂಬಿಕೊಂಡಿದ್ದ ಬೆಳೆ ಅದೊಂದೇ. ಸಸಿ ಬೇಗ ಬೆಳೆಯಲಿ ಅಂತ ನಾನು ಆನ್‌ಲೈನ್‌ನಲ್ಲಿ ಜಿಬ್ಬರೆಲಿಕ್ ಆ್ಯಸಿಡ್ ತರಿಸಿ, ಅವರಿಗೆ ಹೇಳದೆ, ಅಳತೆಯನ್ನೂ ನೋಡದೆ ಅರ್ಧ ಮಡಿಗೆ ಸಿಂಪಡಿಸಿದೆ. ಎರಡು ವಾರದಲ್ಲಿ ಸಸಿಗಳು ಬಿಳಿಚಿಕೊಂಡು, ಕಡ್ಡಿಯಂತೆ ಎದ್ದು, ಒಂದೇ ಗಾಳಿಗೆ ಮಲಗಿದವು.

ಅಪ್ಪ ಬೈಯಲಿಲ್ಲ. ಗುಡ್ಡದ ಮರದಡಿಯಿಂದ ಎರಡು ಬೊಗಸೆ ಮಣ್ಣು ತಂದು, ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಮತ್ತೆ ಬೀಜ ಹಾಕಿದರು. "ಬೇರು ಮೊದ್ಲು, ತಲೆ ಆಮೇಲೆ ಕಣಪ್ಪ" ಅಂದರು.

ರಾತ್ರಿ ಓದಿದಾಗ ಗೊತ್ತಾಯಿತು, ನನ್ನ ಬಾಟಲಿಯ ಮೂಲವೂ ಒಂದು ಶಿಲೀಂಧ್ರವೇ! ಜಪಾನಿನ ಭತ್ತದ ಗದ್ದೆಗಳಲ್ಲಿ ಪೈರು ವಿಪರೀತ ಉದ್ದ ಬೆಳೆದು ಬೀಳುವ ರೋಗವಿತ್ತು. ಅದರ ಹೆಸರು 'ಬಕನೇ', ಅಂದರೆ ಪೆದ್ದು ಸಸಿ. ಶಿಲೀಂಧ್ರ ಸ್ರವಿಸುವ ವಸ್ತುವೇ ಇದಕ್ಕೆ ಕಾರಣ ಅಂತ 1926ರಲ್ಲಿ ಕುರೊಸಾವ ತೋರಿಸಿದರು. ಕಾಡಿನ ಮಣ್ಣಲ್ಲಿರುವ ಟ್ರೈಕೋಡರ್ಮಾದಂಥ ಶಿಲೀಂಧ್ರಗಳೂ ಹಾರ್ಮೋನ್ ತಯಾರಿಸುತ್ತವೆ. ಅವುಗಳ ಆಕ್ಸಿನ್ ಬೇರು ಕವಲೊಡೆಯಲು ನೆರವಾಗುತ್ತದೆ.

ಬೆಳಗ್ಗೆ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಪೆದ್ದು ಯಾರು, ಸಸಿನಾ, ನೀನಾ?" ಅಂತ ನಕ್ಕರು.

ಈಗ ಅವರನ್ನು ಕೇಳದೆ ಹೊಲಕ್ಕೆ ಏನೂ ಹಾಕೋಲ್ಲ.