ಮನೆಯೇ ಊರು

ಬಯಲುಸೀಮೆಯಿಂದ ಮೊದಲ ಸಲ ಮಲೆನಾಡಿಗೆ ಬಂದವರು ಬಸ್ಸಿನಿಂದ ಇಳಿದೊಡನೆ ಕೇಳುವ ಪ್ರಶ್ನೆ ಒಂದೇ: "ಊರೆಲ್ಲಿ?" ತೀರ್ಥಹಳ್ಳಿಯಿಂದ ಅರಳಸುರಳಿಯ ಕಡೆಗೆ ಹೊರಡಲಿ, ಆಗುಂಬೆಯ ದಾರಿ ಹಿಡಿಯಲಿ, ಕೊಪ್ಪದ ರಸ್ತೆಯಲ್ಲಿ ಸಾಗಲಿ, ಅವರ ಕಣ್ಣಿಗೆ ಬೀಳುವುದು ಗುಡ್ಡ, ಗುಡ್ಡದ ಮೇಲೆ ಕಾಡು, ಎರಡು ಗುಡ್ಡಗಳ ನಡುವೆ ಒಂದು ಸೀಳು ಹಸುರು ಗದ್ದೆ. ಅಗಸೆಬಾಗಿಲಿಲ್ಲ, ರಥಬೀದಿಯಿಲ್ಲ, ಚಾವಡಿಯಿಲ್ಲ. ಊರು ಇದೆ, ಆದರೆ ಅದು ಆ ಗದ್ದೆಯ ಕೋವಿನ ತುದಿಯಲ್ಲಿ, ಅಡಕೆ ಮರಗಳ ಮರೆಯಲ್ಲಿ, ಒಂದೇ ಒಂದು ಮನೆಯಾಗಿ ಕುಳಿತಿದೆ. ಅದಕ್ಕೆ ಹೆಸರಿದೆ. ಆ ಹೆಸರೇ ಅಲ್ಲಿ ಹುಟ್ಟಿದವರ ಹೆಸರಿನ ಮುಂದೆ ಬಂದು ನಿಲ್ಲುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಬರುವುದು ಮನೆ, ಆಮೇಲೆ ತಂದೆ, ಕೊನೆಗೆ ಮಗ. ಕುವೆಂಪು ಎಂಬ ಮೂರಕ್ಷರಗಳಲ್ಲಿಯೂ ಮನೆಗೇ ಅಗ್ರಪೂಜೆ.

ಇಂಥ ಮನೆಯನ್ನು ಮೊದಲು ಕಟ್ಟಿದವನು ನೆಲವನ್ನು ಹುಡುಕಿ ಬಂದವನಲ್ಲ, ನೀರನ್ನು ಹುಡುಕಿ ಬಂದವನು. ಬೇಸಗೆಯಲ್ಲಿಯೂ ಬತ್ತದ ಒಂದು ಒರತೆ ಗುಡ್ಡದ ಪಕ್ಕೆಯಲ್ಲಿ ಸಿಕ್ಕಿತೆಂದರೆ ಉಳಿದುದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ. ಒರತೆಯ ಕೆಳಗೆ ಅಡಕೆ ತೋಟ, ತೋಟದ ಕೆಳಗೆ ಬತ್ತದ ಗದ್ದೆ, ಮೇಲೆ ಗೊಬ್ಬರಕ್ಕೆ ಸೊಪ್ಪು ಕೊಡುವ ಬೆಟ್ಟ, ಅದರಾಚೆ ಮೆಣಸಿನ ಬಳ್ಳಿ ಹಬ್ಬಿದ ಕಾನು. ಸೀಳಿದ ಅಡಕೆ ಮರದ ದಂಬೆಗಳನ್ನು ಒಂದಕ್ಕೊಂದು ಕೂಡಿಸಿದರೆ ಆ ನೀರು ನೇರವಾಗಿ ಬಚ್ಚಲಿನ ಹಂಡೆಗೇ ಬಂದು ಬೀಳುತ್ತದೆ. ಪಟ್ಟಣದ ಗೃಹಿಣಿಯರು ನಲ್ಲಿಯ ಮುಂದೆ ಕೊಡ ಹಿಡಿದು ಸಾಲುಗಟ್ಟಿ ನಿಲ್ಲುವ ಕಾಲಕ್ಕೆ ಬಹಳ ಹಿಂದೆಯೇ ಮಲೆನಾಡಿನ ಅಡುಗೆಮನೆಯಲ್ಲಿ ಹಗಲಿರುಳೂ ನೀರು ಹರಿಯುತ್ತಿತ್ತೆಂದರೆ ಅವರಿಗೆ ತುಸು ಅಸೂಯೆಯಾದೀತು!

ಆದರೆ ಕಾಡು ಕಡಿದವನನ್ನು ಸರಕಾರ ಸುಮ್ಮನೆ ಬಿಟ್ಟ ಕಾಲ ಯಾವುದೂ ಇಲ್ಲ. ಈ ಸೀಮೆ ವಿಜಯನಗರದ ದಿನಗಳಲ್ಲಿ ಆರಗ ರಾಜ್ಯವೆಂಬ ಪ್ರಾಂತವಾಗಿತ್ತು. ಅನಂತರ ಕೆಳದಿಯ ಅರಸರಿಗೆ ಸೇರಿತು. ೧೬೪೫ರಲ್ಲಿ ಪಟ್ಟವೇರಿದ ಶಿವಪ್ಪನಾಯಕನು ಗದ್ದೆ ತೋಟಗಳನ್ನು ಪರೀಕ್ಷೆ ಮಾಡಿಸಿ ಕಂದಾಯ ಕಟ್ಟಿದ ಕ್ರಮವನ್ನು ಜನ ಇಂದಿಗೂ 'ಶಿವಪ್ಪನಾಯಕನ ಶಿಸ್ತು' ಎಂದೇ ಕರೆಯುತ್ತಾರೆ. ೧೭೬೩ರಲ್ಲಿ ಬಿದನೂರು ಹೈದರನ ಕೈಸೇರಿತು. ಕಂದಾಯದ ಭಾರ ತಾಳಲಾರದೆ ೧೮೩೦-೩೧ರಲ್ಲಿ ನಗರದ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದರು. ಆ ದಂಗೆಯ ನೆಪದಿಂದಲೇ ಮೈಸೂರಿನ ಆಡಳಿತ ಅರಸರ ಕೈತಪ್ಪಿ ಇಂಗ್ಲಿಷರಿಗೆ ಹೋಯಿತು. ಕಾಡಿನ ನಡುವೆ ಒಂಟಿಯಾಗಿ ಕುಳಿತ ಮನೆಗಳು ಲೋಕಕ್ಕೆ ದೂರವೆಂದು ತಿಳಿಯುವುದು ತಪ್ಪು. ಅಡಕೆಯ ಧಾರಣೆ ಏರಿಳಿದರೆ ಅವುಗಳ ಒಲೆಯ ಉರಿಯೂ ಏರಿಳಿಯುತ್ತಿತ್ತು.

ಕುಪ್ಪಳಿಯ ಮನೆ ತೀರ್ಥಹಳ್ಳಿ ಕೊಪ್ಪಗಳ ನಡುವಣ ರಸ್ತೆಯಿಂದ ಸ್ವಲ್ಪ ಒಳಗೆ, ಗುಡ್ಡದ ಮಡಿಲಲ್ಲಿದೆ. ಹಂಚಿನ ಮಾಡು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬಸಾಲಿನ ಜಗಲಿ, ಅದರ ಮೇಲೆ ಉಪ್ಪರಿಗೆಗಳು. ತೋಳಿಗೆ ಸಿಗದ ಗಾತ್ರದ ಮರದ ಕಂಬಗಳನ್ನು ಕಂಡವರು ಅದನ್ನು ಸಿರಿವಂತಿಕೆಯ ಗುರುತೆಂದು ಭಾವಿಸುವುದುಂಟು. ಮರವೇನೋ ಬಾಗಿಲ ಹಿಂದೆಯೇ ಬೆಳೆದು ನಿಂತಿತ್ತು; ದುರ್ಲಭವಾಗಿದ್ದುದು ಮರವಲ್ಲ, ಅದನ್ನು ಉರುಳಿಸಿ, ಎಳೆದು, ಕೆತ್ತಿ ನಿಲ್ಲಿಸುವ ತೋಳು. ಅಂಗಳವೂ ಅಲಂಕಾರಕ್ಕಾಗಿ ಇದ್ದುದಲ್ಲ. ಅದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಜೇಷ್ಠದಿಂದ ಭಾದ್ರಪದದವರೆಗೆ ಹೊರಗೆ ತಲೆಹಾಕಲಾಗದ ಮನೆಯಲ್ಲಿ ನಾಲ್ಕಾರು ಸಂಸಾರಗಳು ಒಟ್ಟಿಗೆ ಬಾಳಬೇಕಾದರೆ ಬೆಳಕಿಗೆ ಬೇರೆ ದಾರಿಯೇ ಇರಲಿಲ್ಲ. ಆ ನಾಲ್ಕು ತಿಂಗಳು ಮನೆಮಂದಿಯ ಮಟ್ಟಿಗೆ ಅಂಗಳವೇ ಆಕಾಶ.

ಮಳೆಗಾಲ ತರುತ್ತಿದ್ದ ಅಂಜಿಕೆ ಎರಡು. ಒಂದು ತೋಟದ್ದು, ಒಂದು ಮೈಯದ್ದು. ತೋಟಕ್ಕೆ ಕೊಳೆರೋಗ ಹೊಕ್ಕರೆ ಎಳೆಯ ಕಾಯಿಗಳು ರಾತ್ರೋರಾತ್ರಿ ಉದುರಿ ಮರದ ಬುಡದಲ್ಲಿ ಹಾಸಿಬೀಳುತ್ತಿದ್ದವು. ಕೊನೆಗೌಡನು ಮರ ಹತ್ತಿ ಒಂದೊಂದು ಗೊನೆಗೂ ಹುಲ್ಲಿನ ಕೊಟ್ಟೆ ಕಟ್ಟಿ, ಮಳೆಯ ಹನಿ ತಾಕದಂತೆ ಮುಚ್ಚುತ್ತಿದ್ದನು. ಒಂದು ಮರದಿಂದ ಇಳಿಯದೆಯೇ ಇನ್ನೊಂದಕ್ಕೆ ಬಾಗಿ ದಾಟುವ ಅವನ ವಿದ್ಯೆಯನ್ನು ಸರ್ಕಸ್ಸಿನಲ್ಲಿ ತೋರಿಸಿದರೆ ಜನ ದುಡ್ಡು ಕೊಟ್ಟು ನೋಡುತ್ತಿದ್ದರು. ಮೈಸೂರು ಸರಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕುರಿತು ೧೯೧೦ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿ ಬರಬರುತ್ತ ಕೊಟ್ಟೆಯ ಸ್ಥಾನವನ್ನು ಆಕ್ರಮಿಸಿತು. ಮೈಯ ಅಂಜಿಕೆ ಮಲೇರಿಯಾ. ಮಲೆನಾಡಿಗೆ ಹೆಣ್ಣು ಕೊಡಲು ಬಯಲಿನವರು ಹಿಂಜರಿಯುತ್ತಿದ್ದುದು ಅದರಿಂದಲೇ. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಡಿ.ಡಿ.ಟಿ. ಬರುವವರೆಗೆ ಆ ಚಳಿಜ್ವರ ಎಷ್ಟೋ ಮನೆಗಳ ದೀಪವನ್ನೇ ಆರಿಸಿತು. ಗೋಡೆ ಕರಗಿ, ತುಳಸಿಕಟ್ಟೆ ಮಾತ್ರ ಉಳಿದ ಹಾಳು ನಿವೇಶನಗಳು ಮಲೆನಾಡಿನ ಕಾಡುಗಳಲ್ಲಿ ಈಗಲೂ ಎದುರಾಗುತ್ತವೆ.

ಅಡಕೆಯ ಸುಗ್ಗಿ ಬಂದರೆ ಮನೆಯ ಸ್ವರೂಪವೇ ಬೇರೆ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು ನಡುರಾತ್ರಿಯವರೆಗೆ ಸುಲಿಯುತ್ತಾರೆ. ಹಂಡೆಗಳಲ್ಲಿ ಅಡಕೆ ಬೇಯುತ್ತದೆ. ಚೊಗರಿನ ಒಗರು ವಾಸನೆ ಸೀರೆಗೆ, ಕೂದಲಿಗೆ, ಉಣ್ಣುವ ಅನ್ನಕ್ಕೂ ಹತ್ತುತ್ತದೆ. ಬೆಳಗ್ಗೆ ಚಪ್ಪರದ ಮೇಲೆ ಒಣಹಾಕಿದ್ದನ್ನು ಮೋಡ ಕಂಡೊಡನೆ ಬಾಚಿ ಒಳಗೆ ತರಬೇಕು. ಕಥೆ ಹುಟ್ಟುತ್ತಿದ್ದುದು ಆ ಸುಲಿತದ ರಾತ್ರಿಗಳಲ್ಲಿ. ಕೈಗೆ ಕೆಲಸ, ಬಾಯಿಗೆ ಬಿಡುವು.

ಆ ಸಾಲಿನಲ್ಲಿ ಕುಳಿತವರೆಲ್ಲ ಮನೆಯವರಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮನೆಯ ಸುತ್ತ, ಕೂಗಿದರೆ ಕೇಳುವಷ್ಟು ದೂರದಲ್ಲಿ ಆದರೆ ಮುಟ್ಟಲಾಗದಷ್ಟು ದೂರದಲ್ಲಿ, ಕೇರಿಯಿತ್ತು. ಘಟ್ಟದ ಕೆಳಗಿನಿಂದ ಸೇರೆಗಾರನೊಡನೆ ಬಂದ ಕೂಲಿಗಳ ಬಿಡಾರಗಳಿದ್ದವು. ತಂದೆಯ ಸಾಲಕ್ಕೆ ಮಗ ದುಡಿಯುವ ಜೀತವಿತ್ತು. ಗೇಣಿಗೆ ಗದ್ದೆ ಮಾಡುವ ಒಕ್ಕಲುಗಳಿದ್ದರು. ವಂಶಾವಳಿಗಳಲ್ಲಿ ಇವರ ಹೆಸರು ಬರುವುದಿಲ್ಲ. ಕುಪ್ಪಳಿಯ ಮಗ ೧೯೬೭ರಲ್ಲಿ ಪ್ರಕಟಿಸಿದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹಿರಿಮೆ ಇರುವುದು ಇಲ್ಲಿಯೇ: ಹೆಗ್ಗಡೆಯ ಮನೆಯಲ್ಲಿ ಹುಟ್ಟಿದವನು ಹೊಲಗೇರಿಯ ಗುತ್ತಿಯನ್ನೂ ಅವನ ನಾಯಿಯನ್ನೂ ಮುಂದಿಟ್ಟು ಕಥೆಯನ್ನು ಆರಂಭಿಸಿದನು.

ಗೇಣಿಯ ಬತ್ತವನ್ನು ಅಳೆಯುವ ಕೊಳಗ ಎಷ್ಟು ಸೇರಿನದು? ಪಟ್ಟಣದ ಓದುಗರಿಗೆ ಇದು ಕ್ಷುಲ್ಲಕವಾಗಿ ತೋರಬಹುದು. ಸಾಗರ ತಾಲೂಕಿನ ಕಾಗೋಡಿನಲ್ಲಿ ಈ ಪ್ರಶ್ನೆಯೇ ೧೯೫೧ರ ಏಪ್ರಿಲಿನಲ್ಲಿ ಸತ್ಯಾಗ್ರಹವಾಗಿ ಸಿಡಿಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆರಗದ ಬಳಿಯ ಶಾಂತವೇರಿ ಗೋಪಾಲಗೌಡರು ಆ ಹೋರಾಟದ ದನಿಯಾಗಿ ಮರುವರ್ಷ ವಿಧಾನಸಭೆಗೆ ಆರಿಸಿಬಂದರು. ಇನ್ನೊಂದು ವಿಶೇಷವೆಂದರೆ, ಗೇಣಿ ಕಾನೂನಿಗಾಗಿ ಸರಕಾರದ ಒಳಗಿನಿಂದ ದುಡಿದ ಕಡಿದಾಳು ಮಂಜಪ್ಪನವರೂ ಇದೇ ತೀರ್ಥಹಳ್ಳಿ ಸೀಮೆಯವರು. ಕೊನೆಗೆ ೧೯೭೪ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದನು. ದೊಡ್ಡ ಮನೆಗಳ ಕಣಜಗಳು ಬರಿದಾದವು. ಕೇರಿಯ ಗುಡಿಸಲಿಗೆ ಹಂಚು ಬಂತು. ಬರಿದಾದ ಕಣಜಗಳಿಗಾಗಿ ನಿಟ್ಟುಸಿರಿಡುವವರು ಇನ್ನೂ ಇದ್ದಾರೆ. ಅವರ ನಿಟ್ಟುಸಿರು ಸಹಜವೇ. ಆದರೆ ಆ ಹಂಚಿನ ಮುಂದೆ ಅದು ತೂಕಕ್ಕೆ ಬರುವುದಿಲ್ಲ.

ಕೇರಿಗೂ ದೊಡ್ಡ ಮನೆಗೂ ಭೇದವೆಣಿಸದೆ ನುಂಗಿದುದು ನೀರು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಬೊಗಸೆಯಷ್ಟಾಗಿ ಹುಟ್ಟುವ ಶರಾವತಿಗೆ ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಆಗಿತ್ತು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಆ ಹಳೆಯ ಅಣೆಕಟ್ಟೇ ಹಿನ್ನೀರಿನಲ್ಲಿ ಮುಳುಗಿತು. ಅದರೊಡನೆ ಸಾಗರ ಹೊಸನಗರಗಳ ಎಷ್ಟೋ ಮನೆ, ತೋಟ, ಗದ್ದೆಗಳು ಮುಳುಗಿದವು. ಕಂಬ ತೊಲೆಗಳನ್ನು ಬಿಚ್ಚಿ ಗಾಡಿಗೇರಿಸಬಹುದು. ಒರತೆಯನ್ನು ಹೇರಿಕೊಂಡು ಹೋಗುವಂತಿಲ್ಲ. ಎಲ್ಲೆಲ್ಲಿಯೋ ಕಾಡಿನಲ್ಲಿ ತೋರಿಸಿದ ಜಾಗಕ್ಕೆ ಹೋದವರು ಮತ್ತೆ ಮೊದಲಿನಿಂದ, ತಮ್ಮ ಮುತ್ತಜ್ಜಂದಿರಂತೆ, ಮರ ಕಡಿದು ನೆಲ ಹಸನುಮಾಡಿದರು. ಮುತ್ತಜ್ಜನಿಗೆ ಶಿಸ್ತಿನ ಲೆಕ್ಕದಲ್ಲಿ ಹಿಡುವಳಿಯಾದರೂ ಇತ್ತು. ಇವರ ಮಕ್ಕಳಲ್ಲಿ ಅನೇಕರು ಭೂಮಿಯ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ಕಳೆದ ಮೇಲೂ ಕಚೇರಿಗಳನ್ನು ಅಲೆದರು. ನಾಡಿಗೆಲ್ಲ ಬೆಳಕು ಕೊಟ್ಟವರ ಕಥೆ ಇದು.

ಕುಪ್ಪಳಿ ಮುಳುಗಲಿಲ್ಲ. ಅದು ಬರಿದಾದುದು ಬೇರೆ ರೀತಿಯಲ್ಲಿ, ಓದಿನಿಂದ. ಹೆಂಚು ಹೊದ್ದ ಆ ಮನೆಯಲ್ಲಿ ದಕ್ಷಿಣ ಕನ್ನಡದಿಂದ ಬಂದ ಗುರುವಿನಲ್ಲಿ ಅಕ್ಷರ ಕಲಿತ ಹುಡುಗ ತೀರ್ಥಹಳ್ಳಿಗೆ, ಅಲ್ಲಿಂದ ಮೈಸೂರಿಗೆ ಹೋದನು. ಹನ್ನೆರಡರ ವಯಸ್ಸಿಗೇ ತಂದೆಯನ್ನು ಕಳೆದುಕೊಂಡಿದ್ದನು. ಅವನು ಮೈಸೂರಿನಲ್ಲಿ ಬೇರೆ ಮನೆ ಕಟ್ಟಿದನು. ೧೯೩೮ರಲ್ಲಿ ಕುಪ್ಪಳಿಯಲ್ಲಿ ಹುಟ್ಟಿದ ಅವನ ಮಗ ತೇಜಸ್ವಿ ಪಟ್ಟಣವನ್ನು ಒಲ್ಲದೆ ಕಾಡಿಗೇ ಮರಳಿದರೂ ಹೋದುದು ಮೂಡಿಗೆರೆಗೆ. ಹಳೆಯ ಮನೆಯಲ್ಲಿ ಬಾಳುವವರು ಉಳಿಯಲಿಲ್ಲ.

೧೯೯೨ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಮನೆಯನ್ನು ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯವಾಗಿಸಿತು. ೧೯೯೪ರ ನವೆಂಬರಿನಲ್ಲಿ ಕವಿ ಮೈಸೂರಿನಲ್ಲಿ ತೀರಿಕೊಂಡಾಗ ದೇಹವನ್ನು ಇಲ್ಲಿಗೇ ತಂದು, ಮನೆಯ ಮೇಲಣ ಕವಿಶೈಲದಲ್ಲಿ ಸಂಸ್ಕಾರ ಮಾಡಿದರು. ಈಗ ಶಾಲೆಯ ಮಕ್ಕಳು ಸಾಲಾಗಿ ಬಂದು ಕವಿಯ ಮದುವೆಯ ಮಂಟಪವನ್ನು, ಬೀಸುವ ಕಲ್ಲನ್ನು, ನೇಗಿಲು ನೊಗಗಳನ್ನು ನೋಡಿ ಹೋಗುತ್ತಾರೆ. ೨೦೧೫ರ ನವೆಂಬರಿನಲ್ಲಿ ಕಳ್ಳರೂ ಬಂದರು. ಕವಿಯ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದರು. ಬಾಗಿಲಿಗೆ ಅಗಳಿ ಹಾಕಿ ಒಳಗೆ ಮಲಗುತ್ತಿದ್ದ ನಾಲ್ಕಾರು ಸಂಸಾರಗಳಿದ್ದ ಕಾಲದಲ್ಲಿ ಇಂಥದು ನಡೆಯುತ್ತಿರಲಿಲ್ಲವೆಂದು ಊರಿನ ಹಿರಿಯರು ಅಂದಿದ್ದರೆ ಅದನ್ನು ಅಲ್ಲಗಳೆಯುವುದು ಕಷ್ಟ.

ಮಲೆನಾಡಿನ ಹಂಚಿನ ಮಾಡು ಪ್ರತಿವರ್ಷ ಮಳೆಗೆ ಮುನ್ನ ಆಳನ್ನು ಬೇಡುತ್ತದೆ. ಒಡೆದ ಹಂಚು ತೆಗೆದು, ಜಾರಿದ್ದನ್ನು ಮೇಲೆ ತಳ್ಳಿ, ಕಸ ಗುಡಿಸಿ 'ಕೈಯಾಡಿಸದಿದ್ದರೆ' ಒಂದೇ ಮಳೆಗಾಲಕ್ಕೆ ತೊಲೆ ನೆನೆಯುತ್ತದೆ, ಮೂರನೆಯದಕ್ಕೆ ಕುಂಬಾಗುತ್ತದೆ. ಒಳಗೆ ಯಾರು ಮಲಗುತ್ತಾರೆ, ಯಾರೂ ಮಲಗುವುದಿಲ್ಲವೇ ಎಂಬುದನ್ನು ಮಳೆ ವಿಚಾರಿಸುವುದಿಲ್ಲ. ವೈಶಾಖ ಮುಗಿಯುವ ಮೊದಲು ಏಣಿ ಇಟ್ಟು ಯಾರಾದರೂ ಮೇಲೆ ಹತ್ತಲೇಬೇಕು.