ಚಕ್ರ ಕಾಣಲೆಂದು

ಸೋಂಪುರದಲ್ಲಿ ನಮ್ಮ ಕಣದ ಅಂಚಿನ ಹಲಸಿನ ಮರ ಗಾಳಿಮಳೆಗೆ ಬಿತ್ತು. ದಿಮ್ಮಿಯನ್ನು ಸಾಮಿಲ್‌ಗೆ ಸಾಗಿಸುವ ಬಾಡಿಗೆ ಕೇಳಿ, ‘ಕೊಯ್ಯೋ ಮೆಷಿನ್ನೇ ಮಾಡ್ಕೊಂಡ್ರಾಯ್ತು ಬಿಡಿ’ ಅಂದೆ. ಉಳಿತಾಯದ ಮಾತು ಎಂದು ಮನೆಯವರು ನಂಬಿದರು, ನಾನೂ ನಂಬಿದೆ. ಕೊನೆಗೆ ಆದ ಖರ್ಚಿನಲ್ಲಿ ಅದೇ ದಿಮ್ಮಿಯನ್ನು ತುಮಕೂರಿಗೆ ಮೂರು ಸಲ ಕಳಿಸಿ ತರಿಸಬಹುದಿತ್ತು.

ಡಾಬಸ್‌ಪೇಟೆಯ ಗುಜರಿಯಲ್ಲಿ ಮಾರುತಿ 800ರ ಎರಡು ಚಕ್ರ ಟೈರ್ ಸಮೇತ ಸಿಕ್ಕಿದವು. ಪಟ್ಟಿಯಂಥ ಬ್ಲೇಡು ಓಡುವುದು ಆ ಟೈರುಗಳ ಮೇಲೆಯೇ. ಚಕ್ರದ ಅಡ್ಡಳತೆ ಅರ್ಧ ಮೀಟರ್. ನಿಮಿಷಕ್ಕೆ 700 ಸುತ್ತು ತಿರುಗಿದರೆ ಬ್ಲೇಡಿನ ಹಲ್ಲು 1,100 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 66 ಕಿ.ಮೀ., ಹೆದ್ದಾರಿಯಲ್ಲಿ ಬಸ್ಸು ಹೋಗುವ ವೇಗ. ಈ ಲೆಕ್ಕವನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಬರೆದಿದ್ದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ನಿಜವಾದ ಕೆಲಸ ಇದ್ದದ್ದು ಎರಡು ಚಕ್ರಗಳನ್ನು ಒಂದೇ ಸಮಕ್ಕೆ ತರುವುದರಲ್ಲಿ. ಮೋಟರಿಗೆ ಸೇರದ ಬಿಡಿ ಚಕ್ರದ ಹಿಂದಿನ ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಬ್ಲೇಡು ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಎರಡು ರಾತ್ರಿ ಕೂತೆ. ಮೆಷಿನ್ನು ಓಡಾಡುವ ಹಳಿಗಳಿಗೆ ನೀರಿನ ಪೈಪಿನಲ್ಲಿ ಮಟ್ಟ ಹಿಡಿದೆ. ಹಳಿ ಒಂದು ನೂಲು ತಗ್ಗಿದರೆ ಹಲಗೆಯೂ ಒಂದು ನೂಲು ದಪ್ಪ ಬರುತ್ತದೆ. ಅಷ್ಟು ಜಾಗ್ರತೆ ನನ್ನಲ್ಲಿತ್ತು. ಆದರೆ ಅದೆಲ್ಲ ಹಲಗೆಗೆ ಮೀಸಲಾಗಿತ್ತು.

ಚಕ್ರಗಳಿಗೆ ಹಾಕುವ ತಗಡಿನ ಕವರ್ ಕತ್ತರಿಸಿ, ತೂತು ಕೊರೆದು, ಮೂರು ವಾರ ಗೋಡೆಗೆ ಒರಗಿಸಿಟ್ಟಿದ್ದೆ. ಕೇಳಿದವರಿಗೆ ‘ಪೇಂಟ್ ಆಗ್ಲಿ’ ಅನ್ನುತ್ತಿದ್ದೆ. ಸಂಜೆ ಜನ ನೋಡಲು ಬರುತ್ತಿದ್ದರು. ಕಾರಿನ ಚಕ್ರ ಮರ ಕೊಯ್ಯುವುದನ್ನು ಕಂಡು ತಲೆ ಆಡಿಸುತ್ತಿದ್ದರು. ಕವರ್ ಹಾಕಿದರೆ ಅವರಿಗೆ ಕಾಣುವುದು ಒಂದು ತಗಡಿನ ಪೆಟ್ಟಿಗೆ, ಅಷ್ಟೆ.

ಕಾನೂನಿನ ವಿಷಯದಲ್ಲೂ ಇದೇ ಕಥೆ. 2002ರ ಅಕ್ಟೋಬರಿನಲ್ಲಿ, ಗೋದಾವರ್ಮನ್ ಅರಣ್ಯ ಮೊಕದ್ದಮೆಯಲ್ಲಿ, ಪರವಾನಗಿ ಇಲ್ಲದ ಸಾಮಿಲ್‌ಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ಗೊತ್ತಿತ್ತು. ‘ನಮ್ದು ಮನೆ ಬಳಕೆಗೆ’ ಎಂಬ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಪಕ್ಕದ ಹೊಲದವರ ಸಿಲ್ವರ್ ಓಕ್ ಎರಡು ದಿಮ್ಮಿ ಕೊಯ್ದು ಕರೆಂಟ್ ಖರ್ಚು ಅಂತ ದುಡ್ಡು ಇಸಕೊಂಡ ದಿನವೂ ಆ ಉತ್ತರ ಬದಲಾಗಲಿಲ್ಲ.

ಹಲಸಿನ ನಾಲ್ಕನೇ ಹಲಗೆ ಕೊಯ್ಯುವಾಗ ಕಿರ್ರೆಂದು ಸದ್ದು ಬಂತು. ಸದ್ದಿಗೆ ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಬ್ಲೇಡು ತುಂಡಾಗಿ, ಕವರ್ ಇಲ್ಲದ ಬದಿಯಿಂದ ಹಾರಿ ನೀರಿನ ಡ್ರಮ್ಮನ್ನು ಸೀಳಿತು. ಅಕ್ಕನ ಮಗ ಬೆಳಗಿನಿಂದ ಆ ಡ್ರಮ್ಮಿನ ಪಕ್ಕದಲ್ಲೇ ನಿಂತು ಬ್ಲೇಡಿಗೆ ನೀರು ಬಿಡುತ್ತಿದ್ದ. ಆ ಗಳಿಗೆಯಲ್ಲಿ ನಲ್ಲಿ ತಿರುಗಿಸಿಟ್ಟು ಬೇಲಿಯ ಹತ್ತಿರ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ. ಮರದೊಳಗೆ ಒಂದು ಮೊಳೆ ಇತ್ತು. ಅಮ್ಮನಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿಕೊಡಲು ನಾನೇ ಹೊಡೆದಿದ್ದ ಮೊಳೆ. ತೊಗಟೆ ಬೆಳೆದು ಅದನ್ನು ನುಂಗಿತ್ತು. ಕೊಯ್ಯುವ ಮೊದಲು ದಿಮ್ಮಿಯ ಮೇಲೆ ಅಯಸ್ಕಾಂತ ಆಡಿಸಬೇಕೆಂದು ಅಂದುಕೊಂಡಿದ್ದೆ, ಆಡಿಸಿರಲಿಲ್ಲ.

ಬರೆಯಲು ಕಷ್ಟವಾಗುವುದು ಇದಲ್ಲ. ಅವನು ಓಡಿ ಬಂದಾಗ ನನ್ನ ಬಾಯಿಂದ ಮೊದಲು ಹೊರಟ ಮಾತು ‘ಬ್ಲೇಡ್ ಹೋಯ್ತಲ್ಲೋ!’ ಅವನು ಸೀಳಿದ ಡ್ರಮ್ಮನ್ನೂ ನನ್ನನ್ನೂ ನೋಡಿದ. ಎರಡನೆಯ ಮಾತು ಇನ್ನೂ ಕೆಟ್ಟದ್ದು: ‘ನಿಮ್ಮಮ್ಮಂಗೆ ಹೇಳ್ಬೇಡ.’

ಕವರ್ ಆ ಸಂಜೆಯೇ ಕೂತಿತು, ಪೇಂಟ್ ಇಲ್ಲದೆಯೇ. ಬೋಲ್ಟು ಬಿಗಿಯಲು ಇಪ್ಪತ್ತು ನಿಮಿಷ ಸಾಕಾಯಿತು. ಅದಾದ ಮೇಲೆ ಒಂದು ಹಲಗೆಯನ್ನೂ ಕೊಯ್ದಿಲ್ಲ, ಮೋಟರನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ಹುಡುಗ ಈಗ ರಜೆಗೆ ಬಂದರೂ ಶೆಡ್ಡಿನ ಕಡೆ ಹಾಯುವುದಿಲ್ಲ. ‘ಓದೋದಿದೆ ಮಾವ’ ಅನ್ನುತ್ತಾನೆ.

ಮೊದಲು ಕೊಯ್ದ ಮೂರು ಹಲಗೆಗಳಲ್ಲಿ ಜಗಲಿಗೊಂದು ಬೆಂಚು ಮಾಡಿಸಿದ್ದೇವೆ. ಹಬ್ಬಕ್ಕೆ ಬಂದಾಗ ಅಕ್ಕ ಅದರ ಮೇಲೆ ಕೂತು, ಹಳದಿ ಮರವನ್ನು ಅಂಗೈಯಲ್ಲಿ ಸವರಿ, ‘ಎಷ್ಟು ನುಣ್ಣಗೆ ಕೊಯ್ದಿದೀಯೋ’ ಅನ್ನುತ್ತಾಳೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.