ಎಸ್.ಪಿ. ರಸ್ತೆಯಲ್ಲಿ ವಾನರನಿಗೊಂದು ಕಾರ್ಡು

ಬೆಂಗಳೂರಿನಲ್ಲಿ ಸೀರೆಗೆ ಚಿಕ್ಕಪೇಟೆ, ಹೂವಿಗೆ ಕೆ.ಆರ್. ಮಾರುಕಟ್ಟೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ. ಹಾಗೆಯೇ ಕಂಪ್ಯೂಟರಿನ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಪುರಭವನದಿಂದ ನಡೆದೇ ಹೋಗಬಹುದು. ಕರಗ ಹೊರಡುವ ಧರ್ಮರಾಯಸ್ವಾಮಿ ದೇವಸ್ಥಾನವೂ ಅಲ್ಲೇ ಸಮೀಪ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಅಂಗಡಿಗಳು, ಮೇಲಿನ ಮಹಡಿಗಳಲ್ಲೂ ಅಂಗಡಿಗಳು. ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತವರು 'ಸೈಡ್, ಸೈಡ್' ಎನ್ನುತ್ತಾ ನುಗ್ಗುತ್ತಾರೆ.

2024ರ ದಸರಾ ರಜೆಯಲ್ಲಿ ಪಿಯುಸಿ ಓದುವ ಮೊಮ್ಮಗನ ಜೊತೆ ಅಲ್ಲಿಗೆ ಹೋಗಿದ್ದೆ. ಅವನಿಗೆ 'ಬ್ಲ್ಯಾಕ್ ಮಿತ್: ವುಕಾಂಗ್' ಎಂಬ ಹೊಸ ಆಟ ಆಡಬೇಕಿತ್ತು. ಅದೇ ಆಗಸ್ಟ್ 20ರಂದು ಬಿಡುಗಡೆಯಾಗಿದ್ದ ಚೀನಾ ದೇಶದ ಆಟ. ಅಲ್ಲಿನ ಹಳೆಯ ಕಾದಂಬರಿ 'ಪಶ್ಚಿಮದ ಯಾತ್ರೆ'ಯ ವಾನರ ರಾಜ ಸುನ್ ವುಕಾಂಗನ ಕಥೆ ಇದಕ್ಕೆ ಮೂಲ. ಆ ಕಾದಂಬರಿಯಲ್ಲಿ ವುಕಾಂಗ್ ಕಾವಲಾಗಿ ಹೋಗುವುದು ಯಾರ ಜೊತೆ ಗೊತ್ತೇ ಮಕ್ಕಳೇ? ನಿಮ್ಮ ಚರಿತ್ರೆ ಪುಸ್ತಕದ ಹ್ಯೂಯೆನ್ ತ್ಸಾಂಗ್ ಜೊತೆ! ನಮ್ಮ ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಬರೆದಿಟ್ಟ ಅದೇ ಯಾತ್ರಿಕ.

ಆದರೆ ಈ ಆಟ ಮಹಾ ಹಸಿವಿನದು. ಕಂಪ್ಯೂಟರಿನಲ್ಲಿ 130 ಜಿಬಿ ಜಾಗ ಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು. ಗ್ರಾಫಿಕ್ಸ್ ಕಾರ್ಡು ಎಂದರೇನು? ನನಗೆ ಅರ್ಥವಾದದ್ದು ನಮ್ಮ ಬ್ಯಾಂಕಿನ ಲೆಕ್ಕದಲ್ಲಿ. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಮ್ಯಾನೇಜರ್ ಇದ್ದ ಹಾಗೆ. ಕಷ್ಟದ ಕಡತಗಳನ್ನು ಒಂದೊಂದಾಗಿ ನೋಡುತ್ತಾನೆ. ಗ್ರಾಫಿಕ್ಸ್ ಕಾರ್ಡು ಅರ್ಧವಾರ್ಷಿಕ ಬಡ್ಡಿ ಹಾಕಲು ಸಾಲಾಗಿ ಕುಳಿತ ಗುಮಾಸ್ತರ ಹಾಗೆ. ಲೆಕ್ಕ ಚಿಕ್ಕದು, ಆದರೆ ಎಲ್ಲರೂ ಒಟ್ಟಿಗೆ ಮಾಡಬೇಕು.

ಎಷ್ಟು ಲೆಕ್ಕ? ಮೊಮ್ಮಗನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಗುಣಿಸಿದರೆ 20,73,600. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ 12 ಕೋಟಿ 44 ಲಕ್ಷ ಚುಕ್ಕೆಗಳಿಗೆ ಬಣ್ಣ ತುಂಬಬೇಕು. ಅದೂ ಒಂದೇ ಸೆಕೆಂಡಿನಲ್ಲಿ!

ಅಂಗಡಿಯವರು ಎರಡು ಪೆಟ್ಟಿಗೆ ತಂದಿಟ್ಟರು. ಒಂದು ಆರ್‌ಟಿಎಕ್ಸ್ 4060. ಅದರಲ್ಲಿ 3,072 'ಗುಮಾಸ್ತರು', 8 ಜಿಬಿ ನೆನಪು. ನೆನಪು ಎಂದರೆ ಗುಮಾಸ್ತರ ಮೇಜು; ಅದು ಚಿಕ್ಕದಾದರೆ ಲೆಡ್ಜರು ತರಲು ಪದೇ ಪದೇ ರೆಕಾರ್ಡ್ ರೂಮಿಗೆ ಓಡಬೇಕು, ಆಟ ತಡವರಿಸುತ್ತದೆ. ಇನ್ನೊಂದು 4070 ಸೂಪರ್. 12 ಜಿಬಿ ನೆನಪು, ಬೆಲೆ ಸುಮಾರು ಎರಡರಷ್ಟು.

ಹುಡುಗನ ಕಣ್ಣು ಎರಡನೆಯದರ ಮೇಲೆ ನೆಟ್ಟಿತು. ಅವನ ಗೆಳೆಯನ ಮನೆಯಲ್ಲಿ ಇದ್ದದ್ದು ಅದೇ.

"ತಗೊಳ್ಳಲಿ ಬಿಡಿ ಯಜಮಾನ್ರೇ, ಕಂತಿನಲ್ಲಿ ಕಟ್ಟಿದರಾಯ್ತು" ಎಂದರು ಅಂಗಡಿಯವರು.

ಅವನ ಹತ್ತಿರ ಇದ್ದದ್ದು 22,000 ರೂಪಾಯಿ. ಮೂರು ವರ್ಷದ ಹುಟ್ಟುಹಬ್ಬ, ಯುಗಾದಿಗಳಲ್ಲಿ ಬಂದದ್ದನ್ನೆಲ್ಲ ಕೂಡಿಟ್ಟಿದ್ದ. ನಾನು ಸೇರಿಸುತ್ತೇನೆಂದು ಹೇಳಿದ್ದು 10,000. 'ಬೇಡ' ಎನ್ನುವುದು ನನಗೆ ಸುಲಭ. ಆದರೆ ದುಡ್ಡಿನಲ್ಲಿ ಹೆಚ್ಚು ಪಾಲು ಅವನದು. ತೀರ್ಮಾನವೂ ಅವನದೇ ಆಗಬೇಕಲ್ಲವೇ? ಜೇಬಿನಿಂದ ಪೆನ್ನು, ಚೀಟಿ ತೆಗೆದು ಅವನ ಕೈಗೆ ಕೊಟ್ಟೆ. "ಸಾಲ ಕೊಡುವ ಮುಂಚೆ ನಾವು ಕೇಳುತ್ತಿದ್ದ ಹಾಗೆ ನಿನ್ನನ್ನು ನೀನೇ ಕೇಳಿಕೊಳ್ಳಪ್ಪ" ಎಂದೆ.

ಅವನು ಬರೆಯುತ್ತಾ ಹೋದ. ಮನೆಯ ಪವರ್ ಸಪ್ಲೈ 550 ವಾಟ್. 4060ಕ್ಕೆ ತಯಾರಕರು ಹೇಳುವುದು ಅಷ್ಟೇ. 4070 ಸೂಪರ್‌ಗೆ 650 ಬೇಕು. ಹೊರಡುವ ಮೊದಲು ಟೇಪಿನಲ್ಲಿ ಅಳೆದುಕೊಂಡಿದ್ದೆವು, ಕ್ಯಾಬಿನೆಟ್ಟಿನಲ್ಲಿ ಇದ್ದದ್ದು 28 ಸೆಂ.ಮೀ. ಜಾಗ. ಮೂರು ಫ್ಯಾನಿನ ಆ ದೊಡ್ಡ ಕಾರ್ಡು ಅದರಲ್ಲಿ ಹಿಡಿಸದು. ಅಂದರೆ ಕಾರ್ಡಿನ ಜೊತೆ ಹೊಸ ಪವರ್ ಸಪ್ಲೈ, ಹೊಸ ಕ್ಯಾಬಿನೆಟ್ಟು. ಗೆಳೆಯನ ಮನೆಯಲ್ಲಿರುವುದು 4ಕೆ ಪರದೆ, ಅದರಲ್ಲಿ ನಾಲ್ಕು ಪಟ್ಟು ಚುಕ್ಕೆಗಳು. ನಾಲ್ಕು ಪಟ್ಟು ಕೆಲಸವಿದ್ದಲ್ಲಿ ಹೆಚ್ಚು ಗುಮಾಸ್ತರು ಬೇಕೇ ಬೇಕು. ಇವನ ಪರದೆಗೆ? ಆಟದವರು ಶಿಫಾರಸು ಮಾಡಿರುವುದೇ ಹಳೆಯ ಆರ್‌ಟಿಎಕ್ಸ್ 2060. 4060 ಅದಕ್ಕಿಂತ ಚುರುಕು.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದೊಡ್ಡ ಪೆಟ್ಟಿಗೆಯನ್ನು ಒಮ್ಮೆ ಎತ್ತಿ, ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟ. "4060 ಸಾಕು ತಾತ" ಎಂದ. ಆ 'ಸಾಕು' ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನಾನು ಕಂಡೆ. ಬೆನ್ನು ತಟ್ಟಿದೆನೇ ಹೊರತು ಉಪದೇಶ ಮಾಡಲಿಲ್ಲ.

29,500ಕ್ಕೆ ವ್ಯಾಪಾರ ಕುದುರಿತು. ಉಳಿದ 2,500ರಲ್ಲಿ ನನಗೆ ಒಂದು ಕಾಫಿ ಕೊಡಿಸಿದ.

ಮನೆಗೆ ಬಂದು ಆಟದವರೇ ಉಚಿತವಾಗಿ ಕೊಟ್ಟಿರುವ ಪರೀಕ್ಷೆಯ ಪ್ರೋಗ್ರಾಂ ಹಾಕಿದ. ಗುಣಮಟ್ಟ 'ಮೀಡಿಯಂ'ನಲ್ಲಿ ಇಟ್ಟರೆ ಸೆಕೆಂಡಿಗೆ 60 ಚಿತ್ರ ದಾಟಿತು. ಪರದೆಯ ಮೇಲೆ ಕಾಡು, ತೊರೆ, ಹಳೆಯ ಗುಡಿಗಳು. ದಂಡ ಹಿಡಿದ ವಾನರನನ್ನು ಕಂಡು ನಮ್ಮ ಮನೆಯವರು ಅಡುಗೆಮನೆಯಿಂದ ಬಂದು, "ಇದೇನೋ, ಆಂಜನೇಯನ ಗದೆ ಇಷ್ಟು ಸಣ್ಣಗಾಗಿದೆ!" ಎಂದರು.

ನೀವೂ ಆ ಬೀದಿಗೆ ಹೋಗುವಿರಾದರೆ ಭಾನುವಾರ ಬೇಡ, ಬಹುತೇಕ ಅಂಗಡಿಗಳಿಗೆ ರಜೆ. ಪರದೆಯ ಚುಕ್ಕೆ, ಪವರ್ ಸಪ್ಲೈ ವಾಟ್, ಕ್ಯಾಬಿನೆಟ್ಟಿನ ಅಳತೆ, ಈ ಮೂರನ್ನೂ ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಳ್ಳಿ. ನಾಲ್ಕು ಅಂಗಡಿಯಲ್ಲಿ ಬೆಲೆ ಕೇಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಇದೆಯೇ ನೋಡಿ. ಮುಂದೆ ವಾರಂಟಿ ಕೇಳುವಾಗ ಅದೇ ಆಧಾರ. ಅಜ್ಜಂದಿರೇ, ಚೀಟಿ ಮೊಮ್ಮಕ್ಕಳೇ ಬರೆಯಲಿ. ನೀವು ಪೆನ್ನು ಕೊಟ್ಟರೆ ಸಾಕು.